ಹೋವರ್ಡ್‌ಗೆ ಮಗಳನ್ನು ಕಳಿಸುವ ಮುಂಚೆ

ಪ್ರಶ್ನೆ: ನನ್ನ ಮಗಳು ಎರಡನೇ ಪಿಯುಸಿ ಓದುತ್ತಿದ್ದಾಳೆ, ಪಿಸಿಎಂಬಿ. ಬಯಾಲಜಿಯಲ್ಲಿ ಸಂಶೋಧನೆ ಮಾಡಬೇಕು ಅನ್ನೋದು ಅವಳ ಆಸೆ. ಅಮೆರಿಕದ ವಾಷಿಂಗ್ಟನ್‌ನಲ್ಲಿರುವ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಮೊದಲು ಹಾರ್ವರ್ಡ್ ಅಂದುಕೊಂಡು ಖುಷಿಪಟ್ಟೆವು. ಆಮೇಲೆ ಇದು ಬೇರೆ ಅಂತ ಗೊತ್ತಾಯಿತು. "ಅದು ಕರಿಯರ ಕಾಲೇಜು. ನಮ್ಮವರಿಗೆ ಸೀಟು ಕೊಡಲ್ಲ. ಕೊಟ್ಟರೂ ಹುಡುಗಿ ಒಂಟಿಯಾಗ್ತಾಳೆ" ಅನ್ನುತ್ತಾರೆ ನಮ್ಮ ಭಾವ. ನಿಜವಾ? ಸೀಟು ಸಿಗೋದು ಹೇಗೆ, ಖರ್ಚೆಷ್ಟು? ಅವಳು ಸಸ್ಯಾಹಾರಿ ಬೇರೆ. — ಒಬ್ಬ ತಾಯಿ, ತುಮಕೂರು

ಉತ್ತರ: ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಮನೆಯಲ್ಲಿ ಹೆದರಿಕೆ ಇದೆ, ಅದು ಸಹಜ. ಆದರೆ ಅದು ಇರಬೇಕಾದ ಜಾಗದಲ್ಲಿ ಇಲ್ಲ. ಅಲ್ಲಿನ ಜನರ ಬಗ್ಗೆ ನೀವು ಹೆದರುತ್ತಿದ್ದೀರಿ, ಅದು ಬೇಡ. ದುಡ್ಡಿನ ಬಗ್ಗೆ ನೀವು ಕೇಳಿದ್ದು ಒಂದೇ ಮಾತು, ಹಾಸ್ಟೆಲ್ ಬಗ್ಗೆ ಕೇಳಿಯೇ ಇಲ್ಲ. ನಿದ್ದೆಗೆಟ್ಟು ಯೋಚಿಸಬೇಕಾದ್ದು ಇವೆರಡರ ಬಗ್ಗೆ. ಹದಿನಾಲ್ಕು ವರ್ಷದಿಂದ ಹೊರದೇಶಕ್ಕೆ ಹೋಗುವ ಮಕ್ಕಳಿಗೆ ಸಲಹೆ ಕೊಡುತ್ತಿದ್ದೇನೆ. ಆ ಕ್ಯಾಂಪಸ್ಸಿನಲ್ಲಿ ನಾನೂ ಓಡಾಡಿದ್ದೇನೆ. ಅಲ್ಲಿ ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಒಂದು ಮಾತು. ಭಾವ ಬಳಸಿದ ಆ ಪದವನ್ನು ಮನೆಯಲ್ಲಿ ಇವತ್ತಿಗೇ ಬಿಟ್ಟುಬಿಡಿ. ನಮ್ಮ ಕಡೆ ಅದು ಬೈಗುಳದ ಹಾಗೆಯೇ ಬಾಯಿಗೆ ಬರುತ್ತದೆ. ನಮ್ಮ ಹೆಣ್ಣುಮಕ್ಕಳ ಮೈಬಣ್ಣದ ಮೇಲೂ ಅದನ್ನೇ ಎಸೆಯುತ್ತೇವೆ. ಮಗಳು ಆ ಊರಿಗೆ ಹೋಗಲಿ ಬಿಡಲಿ, ಅವಳ ಕಿವಿಗೆ ಆ ಪದ ಬೀಳದಿದ್ದರೆ ಒಳ್ಳೆಯದು.

ಈಗ ಸೀಟಿನ ವಿಷಯ. "ನಮ್ಮವರಿಗೆ ಕೊಡಲ್ಲ" ಅನ್ನೋದು ಪೂರ್ತಿ ಸುಳ್ಳು. ಅಮೆರಿಕದಲ್ಲಿ ಕಪ್ಪು ಜನರನ್ನು ಗುಲಾಮರಾಗಿ ಇಟ್ಟಿದ್ದ ಕಾಲದಲ್ಲಿ, ದಕ್ಷಿಣದ ಹಲವು ರಾಜ್ಯಗಳಲ್ಲಿ ಅವರಿಗೆ ಅಕ್ಷರ ಕಲಿಸೋದೇ ಅಪರಾಧವಾಗಿತ್ತು. 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋಯಿತು. ಕಾಲೇಜುಗಳ ಬಾಗಿಲು ಮಾತ್ರ ತೆರೆಯಲಿಲ್ಲ. ಆಗ ಅವರಿಗಾಗಿ ಹುಟ್ಟಿಕೊಂಡ ಸಂಸ್ಥೆಗಳೇ ಇವು. ಇಂಗ್ಲಿಷಿನಲ್ಲಿ "ಹಿಸ್ಟಾರಿಕಲಿ ಬ್ಲ್ಯಾಕ್ ಕಾಲೇಜಸ್ ಅಂಡ್ ಯೂನಿವರ್ಸಿಟೀಸ್", ಚಿಕ್ಕದಾಗಿ ಎಚ್‌ಬಿಸಿಯು ಅನ್ನುತ್ತಾರೆ. 1964ಕ್ಕೆ ಮುಂಚೆ, ಕಪ್ಪು ಜನರ ಶಿಕ್ಷಣವನ್ನೇ ಮುಖ್ಯ ಗುರಿಯಾಗಿಟ್ಟುಕೊಂಡು ಶುರುವಾದ ಸಂಸ್ಥೆಗಳಿಗೆ 1965ರ ಕಾನೂನು ಈ ಹೆಸರು ಕೊಟ್ಟಿತು. ಇವತ್ತು ಹೆಚ್ಚುಕಮ್ಮಿ ನೂರು ಇವೆ. ಕೆಲವು ಸರ್ಕಾರಿ, ಕೆಲವು ಖಾಸಗಿ. ಪಶ್ಚಿಮ ವರ್ಜೀನಿಯಾದ ಬ್ಲೂಫೀಲ್ಡ್ ಸ್ಟೇಟ್‌ನಂಥ ಒಂದೆರಡು ಕಡೆ ಈಗ ಬಿಳಿಯ ವಿದ್ಯಾರ್ಥಿಗಳೇ ಜಾಸ್ತಿ.

ಹೋವರ್ಡ್ ಖಾಸಗಿ ವಿಶ್ವವಿದ್ಯಾಲಯ. 1867ರ ಮಾರ್ಚ್ 2ರಂದು ಅಮೆರಿಕದ ಸಂಸತ್ತಿನ ಒಪ್ಪಿಗೆಯಿಂದ ಹುಟ್ಟಿತು. ಖಾಸಗಿಯಾದರೂ ಇವತ್ತಿಗೂ ಕೇಂದ್ರ ಸರ್ಕಾರದಿಂದ ವರ್ಷವರ್ಷ ಅನುದಾನ ಬರುತ್ತದೆ. ನಿಮ್ಮ ಭಾವನಿಗೆ ಹೇಳಲೇಬೇಕಾದ ಒಂದು ಸಂಗತಿ ಇದೆ. ಅಲ್ಲಿ ಮೊಟ್ಟಮೊದಲು ಪಾಠಕ್ಕೆ ಕೂತವರು ಬಿಳಿಯ ಹುಡುಗಿಯರು, ಸ್ಥಾಪಕರ ಮನೆಯ ಮಕ್ಕಳು. ಬಣ್ಣ ನೋಡಿ, ಗಂಡು ಹೆಣ್ಣು ನೋಡಿ ಬಾಗಿಲು ಹಾಕಿದ್ದು ಬೇರೆ ಕಾಲೇಜುಗಳು. ಈ ಕಾಲೇಜು ಮೊದಲ ದಿನದಿಂದಲೂ ಹಾಕಿಲ್ಲ.

ದರ್ಜೆ ಕಮ್ಮಿ ಇರಬಹುದಾ ಅನ್ನೋ ಅನುಮಾನವೂ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣಿಸಿತು. ಥರ್ಗುಡ್ ಮಾರ್ಷಲ್ ಅಂತ ಬಾಲ್ಟಿಮೋರ್ ಊರಿನ ಒಬ್ಬ ಹುಡುಗ ಇದ್ದ. ಅವನ ರಾಜ್ಯದ ಕಾನೂನು ಕಾಲೇಜು ಕಪ್ಪು ಜನರನ್ನು ಸೇರಿಸುತ್ತಿರಲಿಲ್ಲ. ಹಾಗಾಗಿ ದಿನಾ ರೈಲು ಹತ್ತಿ ಹೋವರ್ಡ್‌ಗೆ ಬಂದು ಓದಿದ. 1933ರಲ್ಲಿ ತರಗತಿಗೇ ಮೊದಲಿಗನಾಗಿ ಪಾಸಾದ. ಮೂರೇ ವರ್ಷದಲ್ಲಿ, ಹೋವರ್ಡ್‌ನಲ್ಲಿ ಪಾಠ ಹೇಳಿದ್ದ ಗುರು ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್ ಜೊತೆ ಸೇರಿ ಕೇಸು ನಡೆಸಿ, ತನ್ನ ರಾಜ್ಯದ ಆ ಕಾನೂನು ಕಾಲೇಜಿನ ಬಾಗಿಲು ತೆರೆಸಿದ. 1954ರಲ್ಲಿ ಇಡೀ ದೇಶದ ಶಾಲೆಗಳಲ್ಲಿ ಬಣ್ಣದ ಗೋಡೆ ಕೆಡವಿದ ತೀರ್ಪು ಬಂತಲ್ಲ, ಆ ಕೇಸು ವಾದಿಸಿದವರೂ ಇವರೇ. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು. ನೊಬೆಲ್ ಪಡೆದ ಲೇಖಕಿ ಟೋನಿ ಮಾರಿಸನ್ ಓದಿದ್ದೂ ಹೋವರ್ಡ್‌ನಲ್ಲೇ. ತಮಿಳು ತಾಯಿಯ ಮಗಳು ಕಮಲಾ ಹ್ಯಾರಿಸ್ 1986ರಲ್ಲಿ ಪದವಿ ಪಡೆದದ್ದೂ ಅಲ್ಲೇ. 2024ರ ಚುನಾವಣೆಯಲ್ಲಿ ಸೋತ ಮರುದಿನ ಅವರು ನಿಂತು ಮಾತಾಡಿದ್ದು ಅದೇ ಕಾಲೇಜಿನ ಅಂಗಳದಲ್ಲಿ. ನಿಮ್ಮ ಮಗಳಿಗೆ ಸಂಶೋಧನೆ ಇಷ್ಟ ಅಂದಿರಿ. 2025ರಲ್ಲಿ ಹೋವರ್ಡ್‌ಗೆ ಆರ್ 1 ಅನ್ನೋ ದರ್ಜೆ ಸಿಕ್ಕಿತು. ಅಮೆರಿಕದಲ್ಲಿ ಸಂಶೋಧನೆ ಅತಿ ಹೆಚ್ಚು ನಡೆಯುವ ವಿಶ್ವವಿದ್ಯಾಲಯಗಳಿಗೆ ಕೊಡುವ ದರ್ಜೆ ಅದು. ಎಚ್‌ಬಿಸಿಯುಗಳಲ್ಲಿ ಆ ಪಟ್ಟಿಯಲ್ಲಿದ್ದದ್ದು ಇದೊಂದೇ.

ಒಂಟಿಯಾಗ್ತಾಳಾ ಅಂತ ಕೇಳಿದ್ದೀರಿ. ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

ಕ್ಯಾಂಪಸ್ಸಿನ ನಡುವೆ ದೊಡ್ಡ ಹುಲ್ಲಿನ ಅಂಗಳ ಇದೆ. ಎಲ್ಲರೂ ಅದನ್ನು ಸುಮ್ನೆ "ಯಾರ್ಡ್" ಅನ್ನುತ್ತಾರೆ. ಒಂದು ಪಕ್ಕದಲ್ಲಿ ಫೌಂಡರ್ಸ್ ಲೈಬ್ರರಿ, ಮೇಲೆ ಗಡಿಯಾರದ ಗೋಪುರ. ನಾನು ಹೋದದ್ದು ಶುಕ್ರವಾರ ಮಧ್ಯಾಹ್ನ. ಹಬ್ಬಕ್ಕೆ ಬಂದವರ ಹಾಗೆ ಎಲ್ಲರೂ ಚೆನ್ನಾಗಿ ಬಟ್ಟೆ ಹಾಕಿಕೊಂಡು ಬಂದಿದ್ದರು. ಎಲ್ಲೋ ಸ್ಪೀಕರಿನಲ್ಲಿ ಹಾಡು. ಮರಗಳ ಬುಡದಲ್ಲಿ ಒಂದೊಂದು ಸಂಘದ ಬಣ್ಣ ಬಳಿದಿದ್ದಾರೆ. ಒಂದು ಕಡೆ ಗುಲಾಬಿ ಹಸಿರು, ಇನ್ನೊಂದು ಕಡೆ ಕೆಂಪು. ಗುಲಾಬಿ ಹಸಿರಿನದು ಆಲ್ಫಾ ಕಪ್ಪಾ ಆಲ್ಫಾ, ಕಪ್ಪು ವಿದ್ಯಾರ್ಥಿನಿಯರು 1908ರಲ್ಲಿ ಅಲ್ಲೇ ಕಟ್ಟಿದ ಸಂಘ. ದೇಶದಲ್ಲಿ ಇಂಥ ಒಂಬತ್ತು ದೊಡ್ಡ ಸಂಘಗಳಿವೆ. ಅವುಗಳಲ್ಲಿ ಐದು ಹುಟ್ಟಿದ್ದು ಇದೇ ಕ್ಯಾಂಪಸ್ಸಿನಲ್ಲಿ. ದೂರದಿಂದ ಒಬ್ಬ "ಎಚ್‌ಯು!" ಅಂತ, ಅಂದರೆ ಹೋವರ್ಡ್ ಯೂನಿವರ್ಸಿಟಿ ಅಂತ, ಕೂಗಿದ. ಇನ್ನೊಂದು ತುದಿಯಿಂದ ನಾಲ್ಕಾರು ದನಿ ಒಟ್ಟಿಗೆ "ಯು ನೋ!" ಅಂದವು. ಒಬ್ಬರಿಗೊಬ್ಬರು ಪರಿಚಯ ಇರಬೇಕು ಅಂತೇನಿಲ್ಲ. ನಲವತ್ತು ವರ್ಷ ಹಿಂದೆ ಓದಿದವರು ವಿಮಾನ ನಿಲ್ದಾಣದಲ್ಲಿ ಎದುರಾದರೂ ಹೀಗೇ ಕೂಗುತ್ತಾರಂತೆ. ಅಕ್ಟೋಬರ್ ಹೊತ್ತಿಗೆ ಹೋಮ್‌ಕಮಿಂಗ್ ನಡೆಯುತ್ತದೆ. ಆಗ ಊರ ಜಾತ್ರೆಗೆ ಮಕ್ಕಳು ಮರಿ ಸಮೇತ ಬರುವ ಹಾಗೆ ಹಳೆಯ ವಿದ್ಯಾರ್ಥಿಗಳು ಬಂದು ಸೇರುತ್ತಾರೆ.

ಅವತ್ತು ನನ್ನ ಜೊತೆ ಬೆಂಚಿನ ಮೇಲೆ ಕೂತಿದ್ದವಳು ಹಾಸನ ಕಡೆಯ ಹುಡುಗಿ, ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಒಂಟಿತನ ಕಾಡಲಿಲ್ಲವಾ ಅಂತ ಅವಳನ್ನೂ ಕೇಳಿದೆ. "ಮೊದಲ ತಿಂಗಳು ಕಾಡ್ತು ಸಾರ್. ಆದರೆ ಅದು ಅವರಿಂದ ಅಲ್ಲ" ಅಂದಳು. ಒಂದು ದಿನ ಊಟದ ಮೇಜಿನಲ್ಲಿ ಗೆಳತಿಯೊಬ್ಬಳು, ನಿಮ್ಮ ಕಡೆ ಜಾತಿ ಅಂದರೆ ಏನು ಅಂತ ಕೇಳಿದಳಂತೆ. ಇವಳು ಯೋಚನೆ ಮಾಡದೆ "ಈಗ ಅದೆಲ್ಲ ಎಲ್ಲಿದೆ" ಅಂದುಬಿಟ್ಟಳು. ಆ ಗೆಳತಿ ತಟ್ಟೆ ನೋಡಿಕೊಂಡೇ ಹೇಳಿದಳಂತೆ: "ನಮ್ಮ ದೇಶದಲ್ಲೂ ತುಂಬಾ ಜನ ಹಾಗೇ ಹೇಳ್ತಾರೆ." ಅವತ್ತು ರಾತ್ರಿ ಊರಿಗೆ ಫೋನ್ ಮಾಡಿ ಅಜ್ಜಿಯ ಹತ್ತಿರ ಮಾತಾಡಿದಳು. ಮನೆಯ ಹಿಂಬಾಗಿಲಲ್ಲಿ ಯಾರು ನಿಲ್ಲುತ್ತಿದ್ದರು, ಅವರಿಗೆ ಯಾವ ಲೋಟದಲ್ಲಿ ಕಾಫಿ ಕೊಡುತ್ತಿದ್ದರು ಅಂತೆಲ್ಲ ಹುಟ್ಟಿದ ಮೇಲೆ ಮೊದಲ ಸಲ ಕೇಳಿದಳು. ಮಾರನೆಯ ದಿನ ಗೆಳತಿಗೆ ಅದನ್ನೆಲ್ಲ ಹೇಳಿದಳು. ಆಮೇಲೆ ಇಬ್ಬರೂ ಗಟ್ಟಿ ಸ್ನೇಹಿತೆಯರಾದರು.

ಈ ಮಾತು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಮೈಸೂರು. 1937ರ ಜನವರಿಯಲ್ಲಿ ವೈಎಂಸಿಎ ಅನ್ನೋ ಕ್ರೈಸ್ತ ಯುವಕರ ಸಂಘದ ವಿಶ್ವ ಸಮ್ಮೇಳನ ಮೈಸೂರಿನಲ್ಲಿ ನಡೆಯಿತು. ಅದಕ್ಕೆ ಬಂದವರಲ್ಲಿ ಬೆಂಜಮಿನ್ ಮೇಸ್ ಒಬ್ಬರು. ಆಗ ಅವರು ಹೋವರ್ಡ್‌ನ ಧರ್ಮಶಾಸ್ತ್ರ ವಿಭಾಗದ ಡೀನ್. ಅದೇ ಪ್ರವಾಸದಲ್ಲಿ ಗಾಂಧೀಜಿಯನ್ನೂ ಕಂಡಿದ್ದರು. ಅಸ್ಪೃಶ್ಯರ ಮಕ್ಕಳಿಗಾಗಿ ನಡೆಯುತ್ತಿದ್ದ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಮಾತಾಡಲು ಕರೆದರು. ಮಕ್ಕಳಿಗೆ ಪರಿಚಯ ಮಾಡಿಕೊಡುವಾಗ, ಇವರೂ ನಿಮ್ಮ ಹಾಗೆ ಅಸ್ಪೃಶ್ಯರು, ಆದರೂ ದೊಡ್ಡ ಹೆಸರು ಮಾಡಿದ್ದಾರೆ ಅಂದರು. ಮೇಸ್ ಅವರಿಗೆ ಮೊದಲು ಸಿಟ್ಟೇ ಬಂತು. ಸ್ವಲ್ಪ ಹೊತ್ತಿನಲ್ಲೇ ಆ ಸಿಟ್ಟು ಇಳಿಯಿತು. ನನ್ನ ದೇಶದಲ್ಲಿ ನಾನು ನಿಜಕ್ಕೂ ಅಸ್ಪೃಶ್ಯನೇ ಅನ್ನೋದು ಅವತ್ತು ಅರಿವಾಯಿತು ಅಂತ ಅವರೇ ಮುಂದೆ ಬರೆದುಕೊಂಡಿದ್ದಾರೆ. ಇದೇ ಮೇಸ್ ಆಮೇಲೆ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿ, ಅಲ್ಲಿ ಓದಿದ ಮಾರ್ಟಿನ್ ಲೂಥರ್ ಕಿಂಗ್‌ಗೆ ಗುರುವಾದರು. ಹೋವರ್ಡ್‌ನ ಮೊದಲ ಕಪ್ಪು ಅಧ್ಯಕ್ಷ ಮಾರ್ಡೆಕಾಯ್ ಜಾನ್ಸನ್ ಕೂಡ ಭಾರತಕ್ಕೆ ಬಂದಿದ್ದರು. ಅವರು ಗಾಂಧಿಯ ಬಗ್ಗೆ ಮಾಡಿದ ಭಾಷಣ ಕೇಳಿಯೇ ಯುವಕ ಕಿಂಗ್ ಗಾಂಧಿಯ ಪುಸ್ತಕಗಳನ್ನು ಕೊಂಡು ಓದಲು ಶುರು ಮಾಡಿದರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಿಮ್ಮ ಮಗಳು ಯಾವುದೋ ಸಂಬಂಧವೇ ಇಲ್ಲದ ಜಾಗಕ್ಕೆ ಹೋಗುತ್ತಿಲ್ಲ. ಆದರೆ ಕಿವಿ ತೆರೆದುಕೊಂಡು ಹೋಗಬೇಕು. ಆ ಮನೆ ಬೇರೆಯವರು ಕಷ್ಟಪಟ್ಟು ಕಟ್ಟಿಕೊಂಡದ್ದು. 2019ರಲ್ಲಿ ಒಂದು ಗಲಾಟೆ ಆಯಿತು. ಅಕ್ಕಪಕ್ಕಕ್ಕೆ ಹೊಸದಾಗಿ ಬಂದು ನೆಲೆಸಿದವರು ಯಾರ್ಡ್‌ನಲ್ಲಿ ನಾಯಿ ಅಡ್ಡಾಡಿಸುತ್ತಿದ್ದರು. ವಿದ್ಯಾರ್ಥಿಗಳಿಗೆ ತುಂಬಾ ನೋವಾಯಿತು, ಕೊನೆಗೆ ವಿಶ್ವವಿದ್ಯಾಲಯವೇ ನಾಯಿ ತರಬೇಡಿ ಅಂತ ಕೇಳಿಕೊಂಡಿತು. ಹೊರಗಿನವರಿಗೆ ಅದು ಬರೀ ಹುಲ್ಲು. ಅವರಿಗೆ ಅದು ದೇವಸ್ಥಾನದ ಅಂಗಳ ಇದ್ದ ಹಾಗೆ. ಇದು ಅರ್ಥವಾಗುವ ಹುಡುಗಿಗೆ ಅಲ್ಲಿ ಗೆಳೆಯರಿಗೆ ಬರ ಇಲ್ಲ.

ಈಗ ಅರ್ಜಿ. ಕಾಮನ್ ಆ್ಯಪ್ ಅನ್ನೋ ಆನ್‌ಲೈನ್ ಅರ್ಜಿಯಲ್ಲೇ ಹೋವರ್ಡ್‌ಗೂ ಹಾಕಬಹುದು. ಮಾಮೂಲಿಯಾಗಿ ಬೇಗ ಹಾಕುವವರಿಗೆ ನವೆಂಬರ್ 1, ಉಳಿದವರಿಗೆ ಫೆಬ್ರವರಿ 15 ಕೊನೆಯ ದಿನ. ಸ್ಕಾಲರ್‌ಶಿಪ್ ಬೇಕಿದ್ದವರು ಫೆಬ್ರವರಿವರೆಗೆ ಕಾಯಲೇಬಾರದು. ಬೇಗ ಹಾಕುವುದರಲ್ಲೂ ಎರಡು ಬಗೆ ಇದೆ. "ಅರ್ಲಿ ಡಿಸಿಷನ್" ಒತ್ತಿದರೆ, ಸೀಟು ಬಂದಾಗ ಸೇರಲೇಬೇಕು ಅನ್ನೋ ಕಟ್ಟುಪಾಡು. "ಅರ್ಲಿ ಆ್ಯಕ್ಷನ್"ಗೆ ಆ ಕಟ್ಟು ಇಲ್ಲ. ನಿಮ್ಮ ಪರಿಸ್ಥಿತಿಯಲ್ಲಿ ಎರಡನೆಯದೇ ಸರಿ. ದುಡ್ಡಿನ ಲೆಕ್ಕ ಕಣ್ಣಿಗೆ ಕಾಣುವ ಮುಂಚೆ ಯಾರಿಗೂ ಮಾತು ಕೊಡಬೇಡಿ.

ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಹಾಕಿದ ಮೂವರಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ ಸೀಟು ಸಿಗುತ್ತಿದೆ. ಪಿಯುಸಿಯ ಅಂಕ ಮಾತ್ರ ನೋಡುವುದಿಲ್ಲ. ಒಂಬತ್ತನೇ ತರಗತಿಯಿಂದ ನಾಲ್ಕು ವರ್ಷದ ಅಂಕಪಟ್ಟಿ ಕೇಳುತ್ತಾರೆ. ಹಾಗಾಗಿ ಹೈಸ್ಕೂಲಿಗೆ ಈಗಲೇ ಹೋಗಿ ಒಂಬತ್ತರ ಅಂಕಪಟ್ಟಿ ಮುದ್ರೆ ಹಾಕಿಸಿ ಇಟ್ಟುಕೊಳ್ಳಿ. ನಮ್ಮ ಕಡೆ ಮಕ್ಕಳು ಒದ್ದಾಡುವುದು ಈ ಒಂದು ಕಾಗದಕ್ಕೆ. ಇನ್ನೊಂದು, ಕೌನ್ಸೆಲರ್ ಪತ್ರ ಅಂತ ಕೇಳುತ್ತಾರೆ. ನಮ್ಮ ಪಿಯು ಕಾಲೇಜುಗಳಲ್ಲಿ ಆ ಹುದ್ದೆಯೇ ಇರುವುದಿಲ್ಲ. ಪ್ರಿನ್ಸಿಪಾಲರು ಬರೆದುಕೊಟ್ಟರೆ ಸಾಕು. ಆದರೆ "ಒಳ್ಳೆಯ ನಡತೆಯ ಹುಡುಗಿ" ಅನ್ನೋ ಎರಡು ಸಾಲಿನ ಸರ್ಟಿಫಿಕೇಟ್ ಬೇಡ. ಅವಳು ಲ್ಯಾಬಿನಲ್ಲಿ ಏನು ಮಾಡಿದಳು, ಯಾವ ಪ್ರಶ್ನೆ ಕೇಳಿ ಮೇಷ್ಟರನ್ನು ನಿಲ್ಲಿಸಿದಳು ಅನ್ನೋದನ್ನು ಬರೆಸಿ. ಅವರಿಗೆ ಪುರುಸೊತ್ತು ಇರಲ್ಲ, ನೀವೇ ಒಂದು ಹಾಳೆಯಲ್ಲಿ ವಿವರ ಬರೆದು ಕೊಡಿ.

ಅರ್ಜಿಯ ಜೊತೆ ಬರೆಯುವ ಪ್ರಬಂಧದ ಬಗ್ಗೆ ಒಂದು ಎಚ್ಚರಿಕೆ. ನನ್ನ ಹತ್ತಿರ ಬರುವ ಕರಡುಗಳಲ್ಲಿ ಅರ್ಧಕ್ಕರ್ಧ ಒಂದೇ ಥರ ಇರುತ್ತವೆ. ವೈವಿಧ್ಯ ಇಷ್ಟ, ಮಾರ್ಟಿನ್ ಲೂಥರ್ ಕಿಂಗ್ ನನ್ನ ಆದರ್ಶ, ಬಡವರ ಸೇವೆ ಮಾಡುತ್ತೇನೆ. ಓದುವವರಿಗೆ ಇದು ಸಾಕಾಗಿ ಹೋಗಿದೆ. ಅವರ ನೋವನ್ನು ಅವರಿಗೇ ಎರವಲು ಕೊಡೋಕೆ ಹೋಗಬಾರದು. ಹೋವರ್ಡೇ ಯಾಕೆ ಅನ್ನೋದಕ್ಕೆ ನಿಮ್ಮ ಮಗಳ ಹತ್ತಿರ ಅವಳದೇ ಕಾರಣ ಇರಬೇಕು. ಹಟ ಹಿಡಿದಿದ್ದಾಳೆ ಅಂದರೆ ಇದ್ದೇ ಇರುತ್ತದೆ. ಕೂರಿಸಿಕೊಂಡು ಕೇಳಿ. ಅವಳು ಹೇಳಿದ ಮೊದಲ ಉತ್ತರ ಬಿಟ್ಟುಬಿಡಿ, ಮೂರನೆಯದನ್ನು ಬರೆಯಲಿ.

2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಬಾರದು ಅಂತ ತೀರ್ಪು ಕೊಟ್ಟಿತು. ಹಾಗಾಗಿ ಭಾರತದವಳು ಅಂತ ಅವಳಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ದುಡ್ಡಿಗೆ ಬರೋಣ. ಫೀಸೇ ವರ್ಷಕ್ಕೆ 35 ಸಾವಿರ ಡಾಲರ್ ಆಸುಪಾಸು. ರೂಮು, ಊಟ, ಪುಸ್ತಕ, ವಿಮೆ ಸೇರಿದರೆ 60 ಸಾವಿರದ ಹತ್ತಿರ ಹೋಗುತ್ತದೆ. ನಮ್ಮ ದುಡ್ಡಿನಲ್ಲಿ ವರ್ಷಕ್ಕೆ 50 ಲಕ್ಷಕ್ಕೂ ಮೇಲೆ ಅಂದುಕೊಳ್ಳಿ. ನಾಲ್ಕು ವರ್ಷಕ್ಕೆ ಎರಡು ಕೋಟಿಗೂ ಮೇಲೆ. ಅಮೆರಿಕದ ಮಕ್ಕಳಿಗೆ ಅಲ್ಲಿನ ಸರ್ಕಾರ ಕೊಡುವ ನೆರವು ಹೊರದೇಶದವರಿಗೆ ಸಿಗುವುದಿಲ್ಲ. ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಅದು ಕೈಖರ್ಚಿಗೆ ಆಗುತ್ತದೆ ಅಷ್ಟೇ. ವೀಸಾಕ್ಕೆ ಮುಂಚೆ ಒಂದು ವರ್ಷದ ಪೂರ್ತಿ ಖರ್ಚಿಗೆ ದುಡ್ಡು ಇದೆ ಅಂತ ಬ್ಯಾಂಕ್ ಕಾಗದ ತೋರಿಸಬೇಕು. ಆಮೇಲೇ ವೀಸಾಕ್ಕೆ ಬೇಕಾದ ಐ 20 ಅನ್ನೋ ಪತ್ರ ಕಾಲೇಜಿನಿಂದ ಬರೋದು.

ಅಂಕದ ಮೇಲೆ ಹೋವರ್ಡ್ ಕೊಡುವ ಸ್ಕಾಲರ್‌ಶಿಪ್‌ಗಳು ಇವೆ. ದೊಡ್ಡದು ಸಿಕ್ಕರೆ ಕತೆಯೇ ಬೇರೆ. ಸಿಗದಿದ್ದರೆ, ತೋಟ ಮಾರಿ ಕಳಿಸುತ್ತೇವೆ ಅನ್ನಬೇಡಿ. ಮೂರನೇ ವರ್ಷದಲ್ಲಿ ದುಡ್ಡು ಮುಗಿದು ವಾಪಸ್ ಬಂದ ಮಕ್ಕಳನ್ನು ನೋಡಿದ್ದೇನೆ. ಆ ಮುಖಗಳು ಮರೆಯೋದಿಲ್ಲ. ಇಲ್ಲೇ ಬಿಎಸ್ಸಿ, ಎಂಎಸ್ಸಿ ಚೆನ್ನಾಗಿ ಓದಿ ಪಿಎಚ್‌ಡಿಗೆ ಹೋವರ್ಡ್‌ಗೆ ಹೋಗೋದೂ ಒಂದು ದಾರಿ. ಹಾಸನದ ಹುಡುಗಿ ಹೋದದ್ದು ಹಾಗೆ. ಪಿಎಚ್‌ಡಿಯಲ್ಲಿ ಲ್ಯಾಬಿನ ಕೆಲಸಕ್ಕೆ, ಪಾಠ ಮಾಡಿದ್ದಕ್ಕೆ ಸ್ಟೈಪೆಂಡ್ ಸಿಗುವ ಅವಕಾಶ ಜಾಸ್ತಿ.

ಹಾಸ್ಟೆಲ್ ವಿಷಯವನ್ನು ಮುಚ್ಚಿಡುವುದಿಲ್ಲ. 2021ರ ಅಕ್ಟೋಬರಿನಲ್ಲಿ ಹೋವರ್ಡ್ ವಿದ್ಯಾರ್ಥಿಗಳು, ಹಾಸ್ಟೆಲಿನಲ್ಲಿ ಬೂಷ್ಟು ಹಿಡಿದಿದೆ, ಇಲಿ ಓಡಾಡುತ್ತವೆ ಅಂತ ಬ್ಲ್ಯಾಕ್‌ಬರ್ನ್ ಕಟ್ಟಡದಲ್ಲಿ ಧರಣಿ ಕೂತರು. ಹೊರಗೆ ಟೆಂಟ್ ಹಾಕಿಕೊಂಡು ಚಳಿಯಲ್ಲಿ ಮಲಗಿದರು. ಒಂದು ತಿಂಗಳಿಗೂ ಜಾಸ್ತಿ ನಡೆಯಿತು. 2018ರಲ್ಲಿ ಹಣಕಾಸು ನೆರವಿನ ಅಕ್ರಮ ಹೊರಬಿದ್ದಾಗ ಆಡಳಿತ ಕಟ್ಟಡದಲ್ಲೇ 9 ದಿನ ಕೂತಿದ್ದರು. ಇದನ್ನು ಕೇಳಿ ನೀವು ಗಾಬರಿಯಾಗಬಹುದು. ನನಗೆ ಮಾತ್ರ ಆ ಮಕ್ಕಳ ಬಗ್ಗೆ ಗೌರವವೇ ಜಾಸ್ತಿ. ತಮ್ಮ ಕಾಲೇಜನ್ನು ಇಷ್ಟು ಪ್ರೀತಿಸುವವರೇ ಅದರ ಬಾಗಿಲಲ್ಲಿ ಹಾಗೆ ಕೂರೋದು. ಆದರೂ ತಾಯಿಯಾಗಿ ನೀವು ಕೇಳಬೇಕಾದ್ದನ್ನು ಕೇಳಲೇಬೇಕು. ಮೊದಲ ವರ್ಷ ಯಾವ ಹಾಸ್ಟೆಲ್, ಯಾವಾಗ ದುರಸ್ತಿಯಾಗಿದೆ, ಮೂರನೇ ವರ್ಷಕ್ಕೂ ಕ್ಯಾಂಪಸ್ಸಿನಲ್ಲೇ ರೂಮು ಸಿಗುತ್ತದಾ. ವಾಷಿಂಗ್ಟನ್‌ನಲ್ಲಿ ಹೊರಗೆ ಬಾಡಿಗೆ ತುಂಬಾ ದುಬಾರಿ. ಅದು ದೊಡ್ಡ ಊರು, ರಾತ್ರಿ ಹೊತ್ತು ಜಾಗ್ರತೆ ಬೇಕು. ಅದು ಆ ಊರಿನ ಯಾವ ಕಾಲೇಜಿಗೂ ಬೇಕು.

ಊಟಕ್ಕೆ ತೊಂದರೆ ಇಲ್ಲ. ಕ್ಯಾಂಟೀನಿನಲ್ಲಿ ತರಕಾರಿ, ಅನ್ನ, ಬೀನ್ಸ್ ಸಿಗುತ್ತದೆ, ಸ್ವಲ್ಪ ಸಪ್ಪೆ ಇರುತ್ತದೆ. ನಡೆದು ಹೋಗುವಷ್ಟು ದೂರದಲ್ಲಿ ಯು ಸ್ಟ್ರೀಟ್ ಇದೆ, ಇಥಿಯೋಪಿಯಾದವರ ಹೋಟೆಲುಗಳಿವೆ. ಅವರ ಇಂಜೆರಾ ನಮ್ಮ ದೋಸೆಯ ದೊಡ್ಡಕ್ಕ. ರಾಗಿಗಿಂತಲೂ ಸಣ್ಣ ಟೆಫ್ ಅನ್ನೋ ಕಾಳಿನ ಹಿಟ್ಟನ್ನು ಹುಳಿ ಬರಿಸಿ ಹುಯ್ಯುತ್ತಾರೆ. ಮೇಲೆ ಖಾರದ ಬೇಳೆ, ಸೊಪ್ಪು, ಕೋಸಿನ ಪಲ್ಯ. ಕೈಯಲ್ಲೇ ತಿನ್ನಬೇಕು. ಉಪವಾಸದ ಊಟ ಅಂತ ಕೇಳಿದರೆ ಮಾಂಸ ಇರಲಿ, ಹಾಲು ತುಪ್ಪವೂ ಇಲ್ಲದ ತಟ್ಟೆ ಬರುತ್ತದೆ. ಹಾಸನದ ಹುಡುಗಿ ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋದಳು. ಮನೆಯ ಉಪ್ಪಿನಕಾಯಿಯ ಪುಟ್ಟ ಡಬ್ಬಿ ಬ್ಯಾಗಿನಲ್ಲೇ ಇತ್ತು. ಹೋಟೆಲಿನ ಯಜಮಾನಿಗೂ ಒಂದು ಹೋಳು ಕೊಟ್ಟಳು. ಆಕೆ ಕಣ್ಣು ಅರಳಿಸಿ ಇನ್ನೊಂದು ಕೇಳಿದರು. ಆ ಕಡೆ ಯುಗಾದಿ, ರಾಜ್ಯೋತ್ಸವ ಮಾಡುವ ಕಾವೇರಿ ಕನ್ನಡ ಸಂಘವೂ ಇದೆ.

ಈ ವಾರ ಒಂದು ಕೆಲಸ ಮಾಡಿ. ಮಗಳ ಕೈಯಲ್ಲೇ ಅಲ್ಲಿನ ಪ್ರವೇಶ ಕಚೇರಿಗೆ ಮೇಲ್ ಬರೆಸಿ. ಹೊರದೇಶದ ವಿದ್ಯಾರ್ಥಿಗೆ ಯಾವ ಸ್ಕಾಲರ್‌ಶಿಪ್ ಇದೆ, ಅದು ನಾಲ್ಕೂ ವರ್ಷ ಸಿಗುತ್ತದಾ, ಉಳಿಸಿಕೊಳ್ಳೋಕೆ ಎಷ್ಟು ಅಂಕ ಬೇಕು, ಹಾಸ್ಟೆಲ್ ಖರ್ಚು ಅದರಲ್ಲಿ ಸೇರಿದೆಯಾ. ನಾಲ್ಕೇ ಪ್ರಶ್ನೆ ಸಾಕು. ಉತ್ತರ ಬಂದ ಮೇಲೆ ನನಗೂ ಒಂದು ಪ್ರತಿ ಕಳಿಸಿ. ನೀವು, ನಿಮ್ಮ ಯಜಮಾನರು, ಮಗಳು, ಭಾವ ಎಲ್ಲರೂ ಜೊತೆಗೆ ಕೂತಿರುವಾಗ ಫೋನ್ ಮಾಡಿ, ಲೆಕ್ಕ ಹಾಕೋಣ.